ಮೀಡಿಯಂ ವೇವ್ ಹೋಗಿ ಎಫ್‌ಎಂ ಬಂದರೆ ರೈತ ಮಹಿಳೆಗೆ ಏನಾಗುತ್ತದೆ?

ರೇಡಿಯೋ ಬಗ್ಗೆ ಈಚಿನ ವರ್ಷಗಳಲ್ಲಿ ಬಂದ ಸುದ್ದಿಗಳನ್ನೆಲ್ಲ ಒಟ್ಟಿಗೆ ಓದಿದರೆ ತಲೆ ಕೆಡುತ್ತದೆ. 2023ರ ಏಪ್ರಿಲ್ 28ರಂದು ಪ್ರಧಾನಿ ಒಂದೇ ಏಟಿಗೆ 91 ಎಫ್‌ಎಂ ಟ್ರಾನ್ಸ್‌ಮಿಟರ್‌ಗಳನ್ನು ಉದ್ಘಾಟಿಸಿದರು. ಅದೇ ಸುಮಾರಿಗೆ ಕೇಂದ್ರ ಐಟಿ ಸಚಿವಾಲಯ ಮೊಬೈಲ್ ತಯಾರಕರಿಗೆ ಒಂದು ಸೂಚನೆ ಕಳಿಸಿತು: ಫೋನಿನಲ್ಲಿ ಎಫ್‌ಎಂ ಇದ್ದರೆ ಅದನ್ನು ಬಂದ್ ಮಾಡಬೇಡಿ, ಇಲ್ಲದಿದ್ದರೆ ಹಾಕಿ. ಇದನ್ನು ಓದಿದವರಿಗೆ ರೇಡಿಯೋಗೆ ಮತ್ತೆ ಒಳ್ಳೇ ಕಾಲ ಬಂತು ಅನ್ನಿಸುತ್ತದೆ. ಆದರೆ ಆಕಾಶವಾಣಿಯ ಹಳೆಯ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಹಂತ ಹಂತವಾಗಿ ನಿಲ್ಲಿಸುವ ಕೆಲಸವೂ ಜೊತೆಜೊತೆಗೇ ನಡೆದಿದೆ. ಇದು ಸಾಲದು ಅಂತ 2025ರ ಅಕ್ಟೋಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಖಾಸಗಿ ಡಿಜಿಟಲ್ ರೇಡಿಯೋಗೆ ಶಿಫಾರಸು ಮಾಡಿತು, ಅದೂ ಮೊದಲಿಗೆ ಬೆಂಗಳೂರೂ ಸೇರಿದ 13 ದೊಡ್ಡ ನಗರಗಳಿಗೆ.

ಇದರ ನಡುವೆಯೇ ವಿಶ್ವಸಂಸ್ಥೆ 2026ನ್ನು ಅಂತರರಾಷ್ಟ್ರೀಯ ರೈತ ಮಹಿಳೆಯರ ವರ್ಷ ಎಂದು ಘೋಷಿಸಿದೆ. ರೈತ ಮಹಿಳೆಗೆ ಮಾಹಿತಿ ತಲುಪಬೇಕು ಎಂಬ ಭಾಷಣಗಳಿಗೆ ಕೊರತೆಯಿಲ್ಲ. ಯಾವ ದಾರಿಯಲ್ಲಿ ತಲುಪಬೇಕು ಎಂಬುದು ಮಾತ್ರ ಅಷ್ಟಾಗಿ ಚರ್ಚೆಯಾಗುತ್ತಿಲ್ಲ.

ಹಾಗಾದರೆ ರೇಡಿಯೋ ಬೆಳೆಯುತ್ತಿದೆಯಾ, ಸಾಯುತ್ತಿದೆಯಾ? ಎರಡೂ ಹೌದು. ಒಂದು ಬಗೆಯ ರೇಡಿಯೋ ಬೆಳೆಯುತ್ತಿದೆ, ಇನ್ನೊಂದು ಬಗೆಯದು ಮುಗಿಯುತ್ತಿದೆ. ಈ ಬದಲಾವಣೆಯಲ್ಲಿ ಖರ್ಚು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಿದೆ, ಅದು ಯಾರ ಮೇಲೆ ಬೀಳುತ್ತದೆ ಎಂಬುದೇ ಇಲ್ಲಿನ ಮುಖ್ಯ ವಿಷಯ.

ಎರಡು ಅಲೆ, ಎರಡು ಗುಣ

ಮೀಡಿಯಂ ವೇವ್ ಅಲೆಗಳು ನೆಲವನ್ನು ಹಿಡಿದುಕೊಂಡು ಹೋಗುತ್ತವೆ. ಗುಡ್ಡ ಅಡ್ಡ ಬಂದರೂ ಪೂರ್ತಿ ನಿಂತುಬಿಡುವುದಿಲ್ಲ. ನೂರಾರು ಕಿಲೋವಾಟ್‌ನ ಒಂದು ಟ್ರಾನ್ಸ್‌ಮಿಟರ್ ಇದ್ದರೆ ಹಲವು ಜಿಲ್ಲೆಗಳಿಗೆ ಕೇಳಿಸುತ್ತದೆ, ರಾತ್ರಿ ಹೊತ್ತು ಇನ್ನೂ ದೂರಕ್ಕೆ. ಧಾರವಾಡ, ಭದ್ರಾವತಿ, ಕಲಬುರಗಿ, ಬೆಂಗಳೂರು ಆಕಾಶವಾಣಿಗಳು ಹಳ್ಳಿಗಳಲ್ಲಿ ಮನೆಮಾತಾಗಿದ್ದು ಈ ಅಲೆಯ ಬಲದಿಂದಲೇ.

ಎಫ್‌ಎಂ ಹಾಗಲ್ಲ. ಅದು ಹೆಚ್ಚುಕಡಿಮೆ ನೇರ ನೋಟದ ಅಲೆ, ಟವರ್‌ಗೂ ನಿಮ್ಮ ರೇಡಿಯೋಗೂ ನಡುವೆ ಬೆಟ್ಟ ಬಂದರೆ ಕಥೆ ಮುಗಿಯಿತು. ದನಿ ತುಂಬಾ ಚೆನ್ನಾಗಿರುತ್ತದೆ, ಗೊರಗೊರ ಇಲ್ಲ, ಆದರೆ ವ್ಯಾಪ್ತಿ ಚಿಕ್ಕದು. ಆ 91 ಟ್ರಾನ್ಸ್‌ಮಿಟರ್‌ಗಳು ತಲಾ 100 ವಾಟ್‌ನವು. ಎಲ್ಲ ಸೇರಿ ಸುಮಾರು 35 ಸಾವಿರ ಚದರ ಕಿಲೋಮೀಟರ್ ಹೊಸದಾಗಿ ತಲುಪುತ್ತವೆ ಎಂದು ಸರ್ಕಾರ ಹೇಳಿತ್ತು. ಭಾಗಿಸಿ ನೋಡಿ, ಒಂದಕ್ಕೆ 385 ಚದರ ಕಿಲೋಮೀಟರ್ ಆಯಿತು. ಅಂದರೆ ಟವರ್‌ನಿಂದ ಎತ್ತ ಹೋದರೂ ಹನ್ನೊಂದು ಕಿಲೋಮೀಟರ್. ಕರ್ನಾಟಕದ ಒಂದು ಸರಾಸರಿ ತಾಲೂಕಿನ ಅರ್ಧ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಆಕಾಶವಾಣಿ ದಶಕಗಳಿಂದ ಹೇಳಿಕೊಂಡು ಬಂದಿರುವುದು ತಾನು ದೇಶದ ಸುಮಾರು 92 ಶೇಕಡಾ ನೆಲವನ್ನೂ 99 ಶೇಕಡಾ ಜನರನ್ನೂ ಮುಟ್ಟುತ್ತೇನೆ ಅಂತ. ಇದರಲ್ಲಿ ಮೀಡಿಯಂ ವೇವ್ ಪಾಲು ದೊಡ್ಡದು. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಆಕಾಶವಾಣಿ ಮತ್ತು ದೂರದರ್ಶನದ ಮೂಲಸೌಕರ್ಯಕ್ಕೆ 2,539 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಆಕಾಶವಾಣಿಯ ಎಫ್‌ಎಂ ವ್ಯಾಪ್ತಿಯನ್ನು ನೆಲದ ಲೆಕ್ಕದಲ್ಲಿ 59 ಶೇಕಡಾದಿಂದ 66ಕ್ಕೆ, ಜನಸಂಖ್ಯೆ ಲೆಕ್ಕದಲ್ಲಿ 68ರಿಂದ 80ಕ್ಕೆ ಏರಿಸುವುದು ಅದರ ಗುರಿ. ಗುರಿ ಪೂರ್ತಿ ಮುಟ್ಟಿದರೂ 80. ಆಮೇಲೆ ಮೀಡಿಯಂ ವೇವ್ ಇಲ್ಲವಾದರೆ ಐವರಲ್ಲಿ ಒಬ್ಬರಿಗೆ ಆಕಾಶವಾಣಿ ಗಾಳಿಯಲ್ಲಿ ಸಿಗುವುದಿಲ್ಲ. ಆ ಐದನೆಯವರು ಪಟ್ಟಣದಲ್ಲಿ ಇರುವುದಿಲ್ಲ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಮಲೆನಾಡಿನ ಕಣಿವೆ, ಕಾಡಂಚಿನ ಹಾಡಿ, ಗಡಿಭಾಗದ ಒಂಟಿ ಹಳ್ಳಿ ಇಂಥ ಕಡೆಯೇ ಇರುತ್ತಾರೆ.

ಮುಚ್ಚುವವರ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ

ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿಯ ಕಡೆಯಿಂದ ನೋಡಿದರೆ ಮೀಡಿಯಂ ವೇವ್ ಎಂಬುದು ದುಬಾರಿ ಆಸ್ತಿ. ಟ್ರಾನ್ಸ್‌ಮಿಟರ್‌ಗಳು ಕರೆಂಟು ಕುಡಿಯುತ್ತವೆ. ಹಳೆಯ ಯಂತ್ರಗಳ ಬಿಡಿಭಾಗ ಸಿಗುವುದು ಕಷ್ಟ. ಎತ್ತರದ ಕಂಬಕ್ಕೆ, ಅದರ ಸುತ್ತ ನೆಲದೊಳಗೆ ಹರಡುವ ತಂತಿಗೆ ಎಕರೆಗಟ್ಟಲೆ ಜಾಗ ಬೇಕು. ಅವನ್ನು ನೋಡಿಕೊಳ್ಳುವ ಹಳೆಯ ಎಂಜಿನಿಯರ್‌ಗಳು ನಿವೃತ್ತರಾಗುತ್ತಿದ್ದಾರೆ.

ಕೇಳುಗರ ಕಡೆಯೂ ಪರಿಸ್ಥಿತಿ ಬದಲಾಗಿದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಇವೆಲ್ಲ ಮೀಡಿಯಂ ವೇವ್‌ಗೆ ಶತ್ರುಗಳು. ಇವು ಹೊರಸೂಸುವ ವಿದ್ಯುತ್ ಗದ್ದಲ ರೇಡಿಯೋದಲ್ಲಿ ಕರಕರ ಅಂತ ಕೇಳಿಸುತ್ತದೆ. ಒಂದು ಕಾಲದಲ್ಲಿ ಸ್ಪಷ್ಟವಾಗಿ ಬರುತ್ತಿದ್ದ ನಿಲಯ ಈಗ ಅದೇ ಮನೆಯಲ್ಲಿ ಅರ್ಧಂಬರ್ಧ ಬರುತ್ತದೆ. ಅಂಗಡಿಗಳಲ್ಲಿ ಮೀಡಿಯಂ ವೇವ್ ಇರುವ ಸೆಟ್ ಹುಡುಕುವುದೂ ಕಷ್ಟ. ಕೇಳುವವರೇ ಇಲ್ಲದ ಅಲೆಗೆ ಕೋಟ್ಯಂತರ ಖರ್ಚು ಯಾಕೆ ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ.

ಮಧ್ಯದ ದಾರಿಯೊಂದನ್ನು ಹುಡುಕಿದ್ದರು. ಸುಮಾರು 35 ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಡಿಆರ್‌ಎಂ ಎಂಬ ಡಿಜಿಟಲ್ ವಿಧಾನಕ್ಕೆ ಒಗ್ಗಿಸಿದರು. ಅದರಲ್ಲಿ ಕರೆಂಟು ಕಡಿಮೆ, ದನಿ ಚೆನ್ನ, ವ್ಯಾಪ್ತಿ ದೊಡ್ಡದು. ತೊಂದರೆ ಒಂದೇ, ಅದನ್ನು ಕೇಳುವ ಸೆಟ್ ಬಂದಿದ್ದು ಹೊಸ ಕಾರುಗಳಲ್ಲಿ. ಹಳ್ಳಿಯ ಮನೆಗೆ ಕೊಳ್ಳುವಂಥ ಅಗ್ಗದ ಡಿಆರ್‌ಎಂ ರೇಡಿಯೋ ಮಾರುಕಟ್ಟೆಗೆ ಬರಲೇ ಇಲ್ಲ. ಸೆಟ್ ಇಲ್ಲ ಅಂತ ಕೇಳುಗರಿಲ್ಲ, ಕೇಳುಗರಿಲ್ಲ ಅಂತ ಕಂಪನಿಗಳು ಸೆಟ್ ಮಾಡುವುದಿಲ್ಲ.

ಖರ್ಚು ಯಾರ ಕೈಯಿಂದ ಯಾರ ಕೈಗೆ?

ಗಾಳಿಯಲ್ಲಿ ಬರುವ ರೇಡಿಯೋದಲ್ಲಿ ಖರ್ಚೆಲ್ಲ ಕಳಿಸುವವರದ್ದು. ಹತ್ತು ಜನ ಕೇಳಿದರೂ, ಹತ್ತು ಲಕ್ಷ ಜನ ಕೇಳಿದರೂ ಟ್ರಾನ್ಸ್‌ಮಿಟರ್‌ನ ಕರೆಂಟ್ ಬಿಲ್ ಅಷ್ಟೇ. ಕೇಳುವವರಿಗೆ ಒಂದು ಸೆಟ್, ಎರಡು ಸೆಲ್. ಅಷ್ಟು ಸಾಕು.

ಇಂಟರ್ನೆಟ್‌ನಲ್ಲಿ ಇದು ತಿರುಗುಮುರುಗಾಗುತ್ತದೆ. ಆಕಾಶವಾಣಿ ತನ್ನ ನಿಲಯಗಳನ್ನು ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಹಾಕಿದೆ, ನಿಜ. ಲಂಡನ್‌ನಲ್ಲಿ ಕೂತವರೂ ಧಾರವಾಡ ಕೇಳಬಹುದು. ಆದರೆ ಕೇಳುವವರ ಹತ್ತಿರ ಸ್ಮಾರ್ಟ್‌ಫೋನ್ ಬೇಕು, ಪ್ಯಾಕ್ ಹಾಕಿಸಿರಬೇಕು, ಸಿಗ್ನಲ್ ಇರಬೇಕು, ಫೋನು ಆ ಹೊತ್ತಿಗೆ ಅವರ ಕೈಯಲ್ಲೇ ಇರಬೇಕು. ಪ್ರಸಾರ ಮಾಡುವವರು ಉಳಿಸಿದ ದುಡ್ಡು ಮಾಯವಾಗುವುದಿಲ್ಲ, ಸಣ್ಣ ಸಣ್ಣ ಚೂರುಗಳಾಗಿ ಕೇಳುಗರ ತಲೆ ಮೇಲೆ ಬೀಳುತ್ತದೆ.

ಆ ಚೂರು ಗಂಡಸಿಗೂ ಹೆಂಗಸಿಗೂ ಒಂದೇ ಭಾರ ಅಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019ರಿಂದ 21ರ ನಡುವೆ ನಡೆಯಿತು. ಅದರ ಪ್ರಕಾರ ತಾವೇ ಬಳಸುವ ಮೊಬೈಲ್ ಇದ್ದ ಹಳ್ಳಿ ಹೆಂಗಸರು ನೂರಕ್ಕೆ 47 ಮಂದಿಯೂ ಇರಲಿಲ್ಲ. ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ಹಳ್ಳಿ ಹೆಂಗಸರಲ್ಲಿ 24.6 ಶೇಕಡಾ, ಹಳ್ಳಿ ಗಂಡಸರಲ್ಲಿ 48.7 ಶೇಕಡಾ. ಹೆಚ್ಚುಕಡಿಮೆ ಅರ್ಧ. ಆ ಸಮೀಕ್ಷೆ ಆದಮೇಲೆ ಫೋನುಗಳು ಜಾಸ್ತಿಯಾಗಿವೆ, ಅಂಕಿಗಳು ಇವತ್ತಿಗೆ ಮೇಲೆ ಹೋಗಿರುತ್ತವೆ. ಆದರೂ ಸಮೀಕ್ಷೆ ಎಣಿಸಿದ್ದು 15ರಿಂದ 49 ವರ್ಷದವರನ್ನು ಮಾತ್ರ. ಹೊಲದಲ್ಲಿ ದುಡಿಯುವ ಐವತ್ತು ದಾಟಿದ ಹೆಂಗಸರು ಆ ಲೆಕ್ಕದಲ್ಲೇ ಇಲ್ಲ, ಅವರ ಸ್ಥಿತಿ ಇದಕ್ಕಿಂತ ಉತ್ತಮವಾಗಿರುವ ಸಾಧ್ಯತೆ ಕಡಿಮೆ.

ಮನೆಗೆ ಒಂದು ಸ್ಮಾರ್ಟ್‌ಫೋನ್ ಇದ್ದರೆ ಅದು ಸಾಮಾನ್ಯವಾಗಿ ಗಂಡನ ಅಥವಾ ಮಗನ ಜೇಬಿನಲ್ಲಿ ಪೇಟೆಗೆ ಹೋಗುತ್ತದೆ. ಮನೆಯಲ್ಲಿ ಉಳಿಯುವುದು ಕೀಪ್ಯಾಡ್ ಫೋನು. ತಮಾಷೆ ಅಂದರೆ ಎಫ್‌ಎಂ ಚೆನ್ನಾಗಿ ಬರುವುದು ಈ ಕೀಪ್ಯಾಡ್ ಫೋನಿನಲ್ಲೇ. ಎಷ್ಟೋ ಮಾಡೆಲ್‌ಗಳಲ್ಲಿ ಇಯರ್‌ಫೋನ್ ಚುಚ್ಚದೆಯೂ ಕೇಳುತ್ತದೆ. ದುಬಾರಿ ಫೋನುಗಳಲ್ಲಿ ಇಯರ್‌ಫೋನ್ ತೂತೇ ಹೋಗಿದೆ, ಆ ತಂತಿಯೇ ಎಫ್‌ಎಂಗೆ ಆ್ಯಂಟೆನಾ ಆಗಿದ್ದರಿಂದ ರೇಡಿಯೋ ಕೂಡ ಹೋಯಿತು. 2023ರ ಸೂಚನೆ ಬಂದದ್ದು ಇದಕ್ಕೇ. ಆದರೆ ಸೂಚನೆ ಎಂದರೆ ಸೂಚನೆ, ಪಾಲಿಸದಿದ್ದರೆ ದಂಡವಿಲ್ಲ.

ಹಾಗಂತ ಹಳೆಯ ರೇಡಿಯೋ ಅವಳದ್ದಾಗಿತ್ತಾ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಹಳೆಯದನ್ನು ನೆನೆದು ಕಣ್ಣೀರು ಹಾಕುವುದು ಸುಲಭ. ಆಗ ಎಲ್ಲರಿಗೂ ಕೇಳಿಸುತ್ತಿತ್ತು, ಈಗ ಇಲ್ಲ ಅನ್ನುವುದು ಅರ್ಧ ಸತ್ಯ ಮಾತ್ರ.

1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆಯ ಸುತ್ತಿನ 150 ಹಳ್ಳಿಗಳಲ್ಲಿ ರೇಡಿಯೋ ಗ್ರಾಮ ವೇದಿಕೆ ಎಂಬ ಪ್ರಯೋಗ ನಡೆಯಿತು. ಊರವರು ಒಂದು ಕಡೆ ಸೇರಿ ಕಾರ್ಯಕ್ರಮ ಕೇಳುವುದು, ಅದರ ಬಗ್ಗೆ ಮಾತಾಡುವುದು, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ವಾಪಸ್ ಕಳಿಸುವುದು. ಫಲ ಚೆನ್ನಾಗಿತ್ತು, 1959ರಲ್ಲಿ ಅದನ್ನು ಬೇರೆ ರಾಜ್ಯಗಳಿಗೂ ಒಯ್ದರು. ಆದರೆ ಆ ವೇದಿಕೆಗಳಲ್ಲಿ ಕೂತವರು ಬಹುತೇಕ ಗಂಡಸರೇ. ಸಂಜೆ ಹೊತ್ತು, ಊರ ನಡುವಿನ ಜಾಗ. ಆ ಹೊತ್ತಿಗೆ ಹೆಂಗಸರು ಎಲ್ಲಿರುತ್ತಾರೆ ಅಂತ ಯಾರಿಗೆ ಗೊತ್ತಿಲ್ಲ?

1966ರಲ್ಲಿ ಹಸಿರು ಕ್ರಾಂತಿಯ ಜೊತೆಗೆ ಆಕಾಶವಾಣಿ 'ಫಾರ್ಮ್ ಅಂಡ್ ಹೋಮ್' ಘಟಕಗಳನ್ನು ತೆರೆಯಿತು. ರೇಡಿಯೋಗೆ ನಿಜವಾಗಿಯೂ ಬಲವಿತ್ತು. ತಮಿಳುನಾಡಿನ ತಂಜಾವೂರು ಕಡೆ ಎಡಿಟಿ 27 ಎಂಬ ಹೊಸ ಭತ್ತದ ತಳಿ ರೇಡಿಯೋ ಮೂಲಕವೇ ಎಷ್ಟು ಹಬ್ಬಿತೆಂದರೆ ಜನ ಅದಕ್ಕೆ ರೇಡಿಯೋ ಭತ್ತ ಅಂತಲೇ ಹೆಸರಿಟ್ಟರು. ಆದರೆ ಕಾರ್ಯಕ್ರಮಗಳ ಹಂಚಿಕೆ ಹೇಗಿತ್ತು? ಕೃಷಿರಂಗದಲ್ಲಿ ಬೀಜ, ಗೊಬ್ಬರ, ಕೀಟನಾಶಕ. ವನಿತಾ ವಿಹಾರದಲ್ಲಿ ಅಡುಗೆ, ಮಕ್ಕಳ ಆರೋಗ್ಯ, ಮನೆ ನಿರ್ವಹಣೆ. ಹೊಲದ ಮಾತು ಒಬ್ಬರಿಗೆ, ಮನೆಯ ಮಾತು ಇನ್ನೊಬ್ಬರಿಗೆ ಎಂಬ ಊಹೆ ಈ ವಿಂಗಡಣೆಯಲ್ಲೇ ಕೂತಿದೆ. ಎರಡರಲ್ಲೂ ಒಳ್ಳೆಯ ಕಾರ್ಯಕ್ರಮಗಳು ಬಂದಿವೆ, ಅದು ಬೇರೆ ಮಾತು.

ಕೆಲಸದ ಲೆಕ್ಕ ನೋಡಿದರೆ ಈ ಊಹೆ ನಿಲ್ಲುವುದೇ ಇಲ್ಲ. 2023-24ರ ಕಾರ್ಮಿಕ ಬಲ ಸಮೀಕ್ಷೆ ಪ್ರಕಾರ ಹಳ್ಳಿಯಲ್ಲಿ ದುಡಿಯುವ ಹೆಂಗಸರಲ್ಲಿ ನೂರಕ್ಕೆ ಸುಮಾರು 77 ಮಂದಿ ಕೃಷಿಯಲ್ಲಿದ್ದಾರೆ. ಗಂಡಸರಲ್ಲಿ 49. ಗಂಡಸರು ಕಟ್ಟಡ ಕೆಲಸ, ಡ್ರೈವಿಂಗ್, ಪೇಟೆಯ ಕೂಲಿ ಅಂತ ಹೊರಗೆ ಹೋದ ಹಾಗೆ ಹೊಲ ಹೆಂಗಸರ ಕೈಗೆ ಬರುತ್ತಿದೆ. ಕೃಷಿ ಮಾಹಿತಿಯ ಕೇಳುಗ ಯಾರು ಎಂಬ ಪ್ರಶ್ನೆಗೆ ಉತ್ತರ ಬದಲಾಗಿ ಎಷ್ಟೋ ವರ್ಷ ಆಯಿತು, ಕಾರ್ಯಕ್ರಮ ಮಾತ್ರ ಇನ್ನೂ ಪೂರ್ತಿ ಬದಲಾಗಿಲ್ಲ.

ಕೀಟನಾಶಕದ ಉದಾಹರಣೆಯನ್ನೇ ತೆಗೆದುಕೊಳ್ಳಿ. ರೇಡಿಯೋದಲ್ಲಿ ತಜ್ಞರು ಹೇಳುತ್ತಾರೆ: ಲೀಟರಿಗೆ ಇಷ್ಟು ಎಂಎಲ್, ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಹೊಡೆಯಬೇಡಿ, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ. ಇದೆಲ್ಲ ಪಂಪು ಹೊತ್ತವನಿಗೆ. ನೀರು ಹೊತ್ತು ತಂದು ಕೊಡುವವಳು, ಕೆಲವೊಮ್ಮೆ ಔಷಧಿ ಕಲಸಿಕೊಡುವವಳು, ಸಂಜೆ ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆಗೇ ಒಗೆಯುವವಳು, ಮೂರನೇ ದಿನ ಅದೇ ಸಾಲಿನಲ್ಲಿ ಕೂತು ಕಳೆ ಕೀಳುವವಳು ಬೇರೆ. ಅವಳಿಗೆ ಬೇಕಾದ ಎಚ್ಚರಿಕೆಯೇ ಬೇರೆ: ಹೊಡೆದ ಎಷ್ಟು ದಿನದ ಮೇಲೆ ಹೊಲಕ್ಕೆ ಇಳಿಯಬಹುದು, ಬಟ್ಟೆ ಹೇಗೆ ಒಗೆಯಬೇಕು, ಖಾಲಿ ಡಬ್ಬ ಯಾಕೆ ಮನೆಗೆ ತರಬಾರದು. ವಿಷಯ ಒಂದೇ ಆದರೂ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಾರೆ ಎಂಬುದರ ಮೇಲೆ ಮಾಹಿತಿ ಬದಲಾಗುತ್ತದೆ. ಕುರಿ, ಕೋಳಿ, ಹಸುವಿನ ಆರೈಕೆ, ಬಿತ್ತನೆ ಬೀಜ ಕಾಪಿಡುವುದು, ಕೂತು ಮಾಡುವ ಕೆಲಸಕ್ಕೆ ಸೊಂಟ ನೋಯದ ಸಲಕರಣೆ, ಹೆಣ್ಣಾಳಿಗೂ ಗಂಡಾಳಿಗೂ ಕೂಲಿಯಲ್ಲಿ ಇರುವ ಅಂತರ, ಹೀಗೆ ಬೆಳೆಸುತ್ತಾ ಹೋಗಬಹುದು.

ಹೊತ್ತಿನ ಪ್ರಶ್ನೆ

ಕೃಷಿ ಕಾರ್ಯಕ್ರಮಗಳಿಗೆ ಮೊದಲಿನಿಂದಲೂ ಸಂಜೆಯೇ ಸಮಯ. ಹೊಲದಿಂದ ಬಂದ ರೈತ ಕೈಕಾಲು ತೊಳೆದು ಕೂರುವ ಹೊತ್ತು ಎಂಬ ಲೆಕ್ಕ. ಹೆಂಗಸರಿಗೆ ಅದೇ ಹೊತ್ತು ಹಾಲು ಕರೆದು ಡೇರಿಗೆ ಕಳಿಸುವ, ಒಲೆ ಹಚ್ಚುವ ಹೊತ್ತು. ಕೈ ಕೆಲಸದಲ್ಲಿದ್ದರೂ ಕಿವಿ ಬಿಡುವಾಗಿರುತ್ತದೆ, ರೇಡಿಯೋದ ದೊಡ್ಡ ಗುಣವೇ ಅದು ಅನ್ನಬಹುದು. ಸರಿ, ಆದರೆ ಸೆಟ್ ಇರುವುದು ಪಡಸಾಲೆಯಲ್ಲಿ. ಅಡುಗೆ ಮನೆಗೆ ಕೇಳಿಸುವುದು ಅರ್ಧ, ಕುಕ್ಕರ್ ಕೂಗಿದಾಗ ಅದೂ ಇಲ್ಲ.

ಅವಳಿಗೆ ನಿಜವಾಗಿ ಒದಗುವ ಹೊತ್ತು ಇದ್ದರೆ ಅದು ಮಧ್ಯಾಹ್ನ ಊಟದ ಬಿಡುವು, ಇಲ್ಲವೇ ಗುಂಪಾಗಿ ನಾಟಿ ಮಾಡುವಾಗ, ಕಳೆ ಕೀಳುವಾಗ. ಒಬ್ಬರ ಕೀಪ್ಯಾಡ್ ಫೋನಿನ ಸ್ಪೀಕರ್ ಹಾಕಿದರೆ ಇಡೀ ಸಾಲಿಗೆ ಕೇಳುತ್ತದೆ. ಹಾಗೆ ಕೇಳಿದ್ದರ ಬಗ್ಗೆ ಅಲ್ಲೇ ಮಾತೂ ನಡೆಯುತ್ತದೆ. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ಕಾರ್ಯಕ್ರಮದ ಪಟ್ಟಿಯಲ್ಲಿ ಒಂದು ಮರುಪ್ರಸಾರ ಸೇರಿಸಿದರೆ ಸಾಕು. ಇಷ್ಟು ಅಗ್ಗದ ಬದಲಾವಣೆ ಯಾಕೆ ಎಲ್ಲ ಕಡೆ ಆಗಿಲ್ಲ ಎಂಬುದು ಆಶ್ಚರ್ಯ.

ಪಹಣಿಯ ಗೋಡೆ

ಫೋನಿನ ಪರ ಇರುವವರು ಹೇಳುವುದು, ಎಸ್‌ಎಂಎಸ್ ನೇರವಾಗಿ ರೈತರಿಗೇ ಹೋಗುತ್ತದೆ, ರೇಡಿಯೋ ಹಾಗೆ ಗಾಳಿಯಲ್ಲಿ ತೂರಿದಂತಲ್ಲ ಅಂತ. ಇಲ್ಲೊಂದು ಸೂಕ್ಷ್ಮ ಇದೆ. ಯಾವ ರೈತರಿಗೆ? ನೋಂದಣಿಯಾದವರಿಗೆ. ಕರ್ನಾಟಕದಲ್ಲಿ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ, ಬೇಕು ಅಂದರೆ ಪಹಣಿ ಬೇಕು. ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿ ಬರುವುದೂ ಜಮೀನು ಹೆಸರಿನಲ್ಲಿರುವವರಿಗೆ. 2015-16ರ ಕೃಷಿ ಗಣತಿಯಲ್ಲಿ ದೇಶದ ಒಟ್ಟು ಹಿಡುವಳಿಗಳಲ್ಲಿ ಹೆಂಗಸರ ಪಾಲು ನೂರಕ್ಕೆ 14ರಷ್ಟು ಮಾತ್ರ.

ಹಾಗಾಗಿ ಸರ್ಕಾರದ ಪಟ್ಟಿಯಲ್ಲಿ ರೈತ ಎಂದರೆ ಗಂಡ, ಮಾವ, ಅಣ್ಣ. ಸಂದೇಶ ಹೋಗುವುದೂ ಆ ನಂಬರಿಗೆ. ಸತ್ತ ಮಾವನ ಹೆಸರಿನಲ್ಲೇ ಪಹಣಿ ಇದ್ದು, ಪೌತಿ ಖಾತೆ (ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬರುವುದು) ಆಗದೆ, ಸೊಸೆ ಇಪ್ಪತ್ತು ವರ್ಷ ಅದೇ ಹೊಲ ಉಳುಮೆ ಮಾಡಿಸುವ ಮನೆಗಳು ಯಾವ ತಾಲೂಕಿನಲ್ಲಿಲ್ಲ? ಕೂಲಿ ಮಾಡುವವಳಿಗೆ, ಗೇಣಿಗೆ ಮಾಡುವವಳಿಗಂತೂ ಆ ಪಟ್ಟಿಯಲ್ಲಿ ಜಾಗವೇ ಇಲ್ಲ.

ರೇಡಿಯೋಗೆ ಈ ಗೋಡೆ ಇಲ್ಲ. ಅದು ಪಹಣಿ ಕೇಳುವುದಿಲ್ಲ, ಆಧಾರ್ ಕೇಳುವುದಿಲ್ಲ, ಒಟಿಪಿ ಕಳಿಸುವುದಿಲ್ಲ. ಯಾರು ಕೇಳುತ್ತಿದ್ದಾರೆ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ಅಧಿಕಾರಿಗಳಿಗೆ ಇದೊಂದು ದೋಷ, ಎಷ್ಟು ಜನರಿಗೆ ತಲುಪಿತು ಎಂಬ ಅಂಕಿ ಸಿಗುವುದಿಲ್ಲ. ಪಟ್ಟಿಯಿಂದ ಹೊರಗಿರುವವಳಿಗೆ ಇದೇ ಅನುಕೂಲ. ಆ್ಯಪ್‌ಗೆ ಡೌನ್‌ಲೋಡ್ ಸಂಖ್ಯೆ ಇರುತ್ತದೆ, ಎಸ್‌ಎಂಎಸ್‌ಗೆ ಲೆಕ್ಕ ಇರುತ್ತದೆ, ವರದಿಯಲ್ಲಿ ಅವು ಚೆಂದ ಕಾಣುತ್ತವೆ. ಬಜೆಟ್ ಸಭೆಗಳಲ್ಲಿ ರೇಡಿಯೋ ಸೋಲುವುದಕ್ಕೆ ಇದೂ ಒಂದು ಕಾರಣ.

ಫೋನಿನ ಪರವಾಗಿ ಇರುವ ಗಟ್ಟಿ ಮಾತು

ಹಾಗಂತ ಫೋನನ್ನು ಬೈದು ಮುಗಿಸುವುದು ನ್ಯಾಯವಲ್ಲ. ರೇಡಿಯೋದಲ್ಲಿ ಕಾರ್ಯಕ್ರಮ ತಪ್ಪಿತು ಅಂದರೆ ತಪ್ಪಿತು. ಎಲೆ ಮೇಲೆ ಬಂದ ಚುಕ್ಕೆಯ ಫೋಟೋ ಕಳಿಸಿ ಇದೇನು ಅಂತ ಕೇಳುವ ಹಾಗಿಲ್ಲ. ರೇಡಿಯೋ ಇಡೀ ಜಿಲ್ಲೆಗೆ ಒಂದೇ ಮಾತು ಹೇಳುತ್ತದೆ, ಎರೆ ಭೂಮಿಯವರಿಗೂ ಕೆಂಪು ಮಣ್ಣಿನವರಿಗೂ. ಕಿಸಾನ್ ಕಾಲ್ ಸೆಂಟರ್ 2004ರಿಂದ ಇದೆ, ದುಡ್ಡಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. 2023ರಲ್ಲಿ ಪಿಎಂ ಕಿಸಾನ್ ಪ್ರಶ್ನೆಗಳಿಗೆ ಉತ್ತರ ಕೊಡುವ ಕಿಸಾನ್ ಇ-ಮಿತ್ರ ಎಂಬ ಚಾಟ್‌ಬಾಟ್ ಬಂತು. ಓದು ಬರದವರೂ ಮಾತಾಡಿ ಕೇಳುವ ಕಾಲ ಬರುತ್ತಿದೆ.

ಆದರೆ ಪ್ರಶ್ನೆ ಕೇಳಬೇಕು ಅಂದರೆ ಏನು ಕೇಳಬೇಕು ಅಂತ ಗೊತ್ತಿರಬೇಕು. ಪೌತಿ ಖಾತೆ ಎಂಬುದೊಂದಿದೆ ಅಂತಲೇ ತಿಳಿಯದವಳು ಅದಕ್ಕೆ ಅರ್ಜಿ ಎಲ್ಲಿ ಅಂತ ಯಾವ ಬಾಟ್‌ಗೆ ಕೇಳುತ್ತಾಳೆ? ಪಕ್ಕದ ಊರಲ್ಲಿ ಕುರಿಗಳಿಗೆ ರೋಗ ಬಂದಿದೆ, ಲಸಿಕೆ ಹಾಕಿಸಿ ಎಂಬ ಎಚ್ಚರಿಕೆ ಹುಡುಕದೇ ಬರಬೇಕಾದ ಮಾಹಿತಿ. ರೇಡಿಯೋ ಕೇಳದೇ ಇದ್ದ ಪ್ರಶ್ನೆಗೂ ಉತ್ತರ ಹೇಳುತ್ತದೆ. ಸಿಡಿಲಿನ ಮುನ್ಸೂಚನೆ, ಮಳೆ ಬರುತ್ತೆ ಕಣದಲ್ಲಿರುವ ರಾಗಿ ಮುಚ್ಚಿ ಎಂಬ ಮಾತು, ಇಂಥವಕ್ಕೆ ಅದು ಸರಿಯಾದ ದಾರಿ. ಜೋರು ಮಳೆಗೆ ಕರೆಂಟು ಹೋಗಿ ಮೊಬೈಲ್ ಟವರ್ ಬ್ಯಾಟರಿಯೂ ಮುಗಿದಾಗ ದೂರದ ಟ್ರಾನ್ಸ್‌ಮಿಟರ್ ಮತ್ತು ಸೆಲ್ ಹಾಕಿದ ರೇಡಿಯೋ ಮಾತ್ರ ಕೆಲಸ ಮಾಡುತ್ತಿರುತ್ತದೆ.

ಫೋನಿನಲ್ಲಿ ಬರುವುದೆಲ್ಲ ಕೃಷಿ ವಿಶ್ವವಿದ್ಯಾಲಯದವರ ಮಾತೂ ಅಲ್ಲ. ವಿಡಿಯೋಗಳಲ್ಲಿ ಎಕರೆಗೆ ಲಕ್ಷ ಲಕ್ಷ ಅನ್ನುವವರೇ ಜಾಸ್ತಿ, ಅದರಲ್ಲಿ ಸಸಿ ಮಾರುವವರು ಯಾರು, ಔಷಧಿ ಮಾರುವವರು ಯಾರು ಅಂತ ಬಿಡಿಸುವುದು ಕಷ್ಟ. ರೇಡಿಯೋ ತಪ್ಪೇ ಹೇಳುವುದಿಲ್ಲ ಅಂತೇನಿಲ್ಲ. ತಪ್ಪು ಹೇಳಿದರೆ ಯಾವ ನಿಲಯ, ಯಾವ ತಜ್ಞ ಅಂತ ಹಿಡಿದು ಕೇಳಬಹುದು ಅಷ್ಟೇ.

ಎರಡನ್ನೂ ಬೆಸೆಯುವ ದಾರಿ ಇದೆ. ಬಿಹಾರ, ಜಾರ್ಖಂಡ್ ಕಡೆ ಗ್ರಾಮವಾಣಿ ಸಂಸ್ಥೆಯ ಮೊಬೈಲ್ ವಾಣಿ ಮಿಸ್ಡ್ ಕಾಲ್ ಮೇಲೆ ನಡೆಯುತ್ತದೆ. ಕರೆ ಕೊಟ್ಟು ಕಟ್ ಮಾಡಿದರೆ ಅಲ್ಲಿಂದ ವಾಪಸ್ ಕರೆ ಬರುತ್ತದೆ, ಕಾರ್ಯಕ್ರಮ ಕೇಳಬಹುದು, ತಮ್ಮ ದನಿ ರೆಕಾರ್ಡ್ ಮಾಡಬಹುದು. ಕೀಪ್ಯಾಡ್ ಫೋನ್ ಸಾಕು, ಕೇಳುವವರಿಗೆ ಖರ್ಚಿಲ್ಲ. ಇಲ್ಲೂ ಗಮನಿಸಿ, ಖರ್ಚು ಕಳಿಸುವವರದ್ದು. ಅದಕ್ಕೇ ಅದು ಹೆಂಗಸರನ್ನು ಮುಟ್ಟುವ ಸಾಧ್ಯತೆ ಜಾಸ್ತಿ.

ಸಮುದಾಯ ರೇಡಿಯೋ: ಆಸೆ ಮತ್ತು ಅಡಚಣೆ

ಮೀಡಿಯಂ ವೇವ್ ಹೋದರೆ ಏನಂತೆ, ಊರೂರಿಗೆ ಸಮುದಾಯ ರೇಡಿಯೋ, ಅಂದರೆ ಸ್ಥಳೀಯ ಸಂಸ್ಥೆಗಳು ನಡೆಸುವ ಚಿಕ್ಕ ಎಫ್‌ಎಂ ನಿಲಯ, ಬರಲಿ ಎಂಬ ವಾದ ಇದೆ. ಚೆನ್ನಾಗಿಯೂ ಇದೆ. ಗಾಳಿಯಲ್ಲಿನ ತರಂಗಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. ಆದರೂ ಮೊದಲು ಅವಕಾಶ ಸಿಕ್ಕಿದ್ದು ಶಿಕ್ಷಣ ಸಂಸ್ಥೆಗಳಿಗೆ, 2002ರ ಕೊನೆಗೆ. ಸ್ವಯಂಸೇವಾ ಸಂಸ್ಥೆಗಳಿಗೆ, ಕೃಷಿ ವಿಜ್ಞಾನ ಕೇಂದ್ರಗಳಿಗೆ ಬಾಗಿಲು ತೆರೆದಿದ್ದು 2006ರಲ್ಲಿ.

ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಅಷ್ಟು ಕಾಯಲಿಲ್ಲ. ಗಾಳಿಯಲ್ಲಿ ಪ್ರಸಾರಕ್ಕೆ ಪರವಾನಗಿ ಇಲ್ಲ ಅಂದಾಗ ಸ್ವಸಹಾಯ ಸಂಘಗಳ ಹೆಂಗಸರು ಸೇರಿಕೊಂಡಿದ್ದ 'ನಮ್ಮ ಧ್ವನಿ' ಕೇಬಲ್ ತಂತಿಯಲ್ಲೇ ಮನೆಮನೆಗೆ ದನಿ ಹರಿಸಿತು. ತೆಲಂಗಾಣದ ಮಾಚನೂರಿನಲ್ಲಿ 2008ರ ಅಕ್ಟೋಬರ್‌ನಲ್ಲಿ ಶುರುವಾದ ಸಂಘಂ ರೇಡಿಯೋ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದನ್ನು ನಡೆಸುವವರು ದಲಿತ ರೈತ ಮಹಿಳೆಯರೇ. ಅಲ್ಲಿ ಸಿರಿಧಾನ್ಯ, ಬೀಜ, ಮಿಶ್ರ ಬೆಳೆಯ ಮಾತು ಬರುವುದು ತಜ್ಞರ ಬಾಯಿಂದಲ್ಲ, ಬೆಳೆದವರ ಬಾಯಿಂದ, ಅವರದೇ ಊರಿನ ತೆಲುಗಿನಲ್ಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೂ ತನ್ನದೇ ಸಮುದಾಯ ರೇಡಿಯೋ ಇದೆ.

ಇನ್ನು ಅಡಚಣೆ. ದೇಶದಲ್ಲಿ ಸಮುದಾಯ ರೇಡಿಯೋ ನಿಲಯಗಳು ಐನೂರರ ಆಸುಪಾಸು ಇವೆ, ಅದರಲ್ಲಿ ಬಹಳಷ್ಟು ಕಾಲೇಜುಗಳದ್ದು. ಕೃಷಿ ವಿಜ್ಞಾನ ಕೇಂದ್ರಗಳು ಏಳುನೂರಕ್ಕೂ ಹೆಚ್ಚಿದ್ದರೂ ರೇಡಿಯೋ ನಡೆಸುವವು ಕೆಲವೇ. ವ್ಯಾಪ್ತಿ ಹತ್ತು ಹದಿನೈದು ಕಿಲೋಮೀಟರ್. ಮೀಡಿಯಂ ವೇವ್ ಬಿಟ್ಟುಹೋದ ಜಾಗವನ್ನು ಇವುಗಳಿಂದ ತುಂಬಬೇಕು ಅಂದರೆ ಸಾವಿರಗಟ್ಟಲೆ ಬೇಕು.

ದುಡ್ಡಿನ ಕಥೆಯೂ ಇದೆ. 2024ರಲ್ಲಿ ನಿಯಮ ಸಡಿಲಿಸಿ ಜಾಹೀರಾತಿನ ಸಮಯವನ್ನು ಗಂಟೆಗೆ 7 ನಿಮಿಷದಿಂದ 12ಕ್ಕೆ, ದರವನ್ನು ಹತ್ತು ಸೆಕೆಂಡಿಗೆ 52ರಿಂದ 74 ರೂಪಾಯಿಗೆ ಏರಿಸಿದರು. 12 ನಿಮಿಷ ಪೂರ್ತಿ ತುಂಬಿದರೆ ಗಂಟೆಗೆ 5,328 ರೂಪಾಯಿ. ಕೇಳಲು ಚೆನ್ನಾಗಿದೆ. ಆದರೆ ಹತ್ತು ಹಳ್ಳಿಗೆ ಕೇಳುವ ನಿಲಯಕ್ಕೆ ಗಂಟೆಗೆ 72 ಜಾಹೀರಾತು ಕೊಡುವವರು ಯಾರು? ಸರ್ಕಾರದ ಜಾಹೀರಾತೇ ಗತಿ, ಅದು ಬಂದರೂ ಬಿಲ್ ಪಾಸಾಗುವವರೆಗೆ ಸಂಬಳ ಯಾರು ಕೊಡಬೇಕು? ಸುದ್ದಿ ಹಾಕುವ ಹಾಗೂ ಇಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಹಾಕಬಹುದು ಅಷ್ಟೇ.

ಅದೇ 2024ರ ನಿಯಮದಲ್ಲಿ ಸದ್ದಿಲ್ಲದೆ ಒಂದು ಒಳ್ಳೆಯ ಅಂಶ ಸೇರಿದೆ. ಪ್ರತಿ ಸಮುದಾಯ ರೇಡಿಯೋದ ಸಲಹಾ ಮತ್ತು ಕಾರ್ಯಕ್ರಮ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಹೆಂಗಸರಿರಬೇಕು. ಜಾರಿಗೆ ತಂದರೆ ಹೊತ್ತು, ವಿಷಯ, ದನಿ ಮೂರರ ಮೇಲೂ ಅವರ ಹಿಡಿತ ಬರುತ್ತದೆ. ಕಾಗದದ ಮೇಲೆ ಹೆಸರು ಬರೆದು ಸುಮ್ಮನಾದರೆ ಗ್ರಾಮ ಪಂಚಾಯಿತಿಯಲ್ಲಿ ಸದಸ್ಯೆಯ ಬದಲು ಗಂಡ ಕೂರುವ ಕಥೆಯೇ ಇಲ್ಲೂ ಆಗುತ್ತದೆ.

ಮುಂದೆ ಆಗಬಹುದಾದದ್ದು

ಈಗಿನ ದಾರಿಯಲ್ಲೇ ಹೋದರೆ ಮೊದಲು ಆಗುವುದು ಒಂದು ಬಗೆಯ ಕಾಣದ ನಷ್ಟ. ಮೀಡಿಯಂ ವೇವ್ ನಿಂತ ದಿನ ಯಾರೂ ಧರಣಿ ಕೂರುವುದಿಲ್ಲ. ಫೋನ್ ಇರುವವರು ಆ್ಯಪ್‌ಗೆ ಹೋಗುತ್ತಾರೆ. ಇಲ್ಲದವರು ಕೇಳುವುದನ್ನೇ ಬಿಡುತ್ತಾರೆ. ಆಮೇಲೆ ಕೇಳುಗರ ಸಮೀಕ್ಷೆ ಮಾಡಿದರೆ ಹಳ್ಳಿ ಹೆಂಗಸರು ರೇಡಿಯೋ ಕೇಳುವುದಿಲ್ಲ ಅಂತ ಬರುತ್ತದೆ, ಅದನ್ನೇ ತೋರಿಸಿ ಮುಂದಿನ ಟ್ರಾನ್ಸ್‌ಮಿಟರ್ ಮುಚ್ಚುತ್ತಾರೆ. ಮಾಹಿತಿಯ ಜಾಗಕ್ಕೆ ಗೊಬ್ಬರದ ಅಂಗಡಿಯವನು ಬರುತ್ತಾನೆ. ಅವನು ಹೇಳುವುದೂ ಅಂಗಡಿಗೆ ಬಂದ ಗಂಡಸಿಗೆ, ಅವಳಿಗೆ ತಲುಪುವುದು ಅದರಲ್ಲಿ ಉಳಿದದ್ದು.

ಇದನ್ನು ತಡೆಯಲು ಎಲ್ಲ ಮೀಡಿಯಂ ವೇವ್ ಉಳಿಸಿಕೊಳ್ಳಬೇಕು ಅಂತಿಲ್ಲ. ಬಯಲು ಸೀಮೆಯಲ್ಲಿ ಎಫ್‌ಎಂ ಚೆನ್ನಾಗಿ ಬರುವ ಕಡೆ ಮುಚ್ಚಿದರೆ ನಷ್ಟ ಕಡಿಮೆ. ಬೆಟ್ಟ ಕಾಡಿನ ಕಡೆ ಎಫ್‌ಎಂ ಕೇಳುತ್ತದೆ ಅಂತ ಊರೂರಿಗೆ ಹೋಗಿ ಖಾತ್ರಿ ಮಾಡಿಕೊಳ್ಳದೆ ಮುಚ್ಚಬಾರದು. ಕೃಷಿ ಕಾರ್ಯಕ್ರಮಕ್ಕೆ ಮಧ್ಯಾಹ್ನದ ಮರುಪ್ರಸಾರ ಬೇಕು, ಕೇಳಿದ ಮೇಲೆ ಮಾತಾಡಲು ಒಂದು ಕೂಟ ಬೇಕು. ನೈಜರ್, ಕಾಂಗೋ ದೇಶಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ ಬೆಂಬಲದ ದಿಮಿತ್ರಾ ಕ್ಲಬ್‌ಗಳು ಇದನ್ನೇ ಮಾಡುತ್ತವೆ. ಊರ ಹೆಂಗಸರು, ಗಂಡಸರು, ಯುವಜನರು ಗುಂಪಾಗಿ ಸೇರಿ ತಮ್ಮ ಸಮಸ್ಯೆ ಚರ್ಚಿಸುತ್ತಾರೆ, ಹಳ್ಳಿಯ ರೇಡಿಯೋ ಆ ಮಾತನ್ನು ಬೇರೆ ಊರಿಗೆ ಮುಟ್ಟಿಸುತ್ತದೆ. ನಮ್ಮಲ್ಲಿ ಸ್ತ್ರೀಶಕ್ತಿ ಸಂಘಗಳ ವಾರದ ಸಭೆ ಮೊದಲಿನಿಂದಲೂ ಇದೆ. ಹಳ್ಳಿ ಹೆಂಗಸರನ್ನೇ ಕೃಷಿ ಸಲಹೆ ಕೊಡಲು ತಯಾರು ಮಾಡುವ, ಮೊದಲ ಹಂತದಲ್ಲೇ ಕರ್ನಾಟಕವನ್ನು ಸೇರಿಸಿಕೊಂಡ ಕೃಷಿ ಸಖಿ ಯೋಜನೆಯಲ್ಲಿ ತರಬೇತಾದ ಹೆಂಗಸರೂ ಇದ್ದಾರೆ. ವಾರದ ಕಾರ್ಯಕ್ರಮವನ್ನು ಮೆಮೊರಿ ಕಾರ್ಡಿನಲ್ಲಿ ತಂದು ಸಭೆಯಲ್ಲಿ ಹಾಕಿ, ಬಂದ ಪ್ರಶ್ನೆಗಳನ್ನು ನಿಲಯಕ್ಕೆ ವಾಪಸ್ ಕಳಿಸುವ ಕೆಲಸ ಅವರಿಗೆ ಕೊಡಬಹುದು, ಅದಕ್ಕೆ ಗೌರವಧನವನ್ನೂ ಕೊಡಬೇಕು. ಪುಕ್ಕಟೆ ಕೆಲಸದ ಪಟ್ಟಿಗೆ ಇನ್ನೊಂದು ಸೇರಿಸಿದರೆ ಯಾರೂ ಮಾಡುವುದಿಲ್ಲ, ಮಾಡಲೂಬಾರದು.

ಸದ್ಯಕ್ಕೆ ನೋಡಬೇಕಾದ ಅಂಕಿ ಒಂದಿದೆ. ಎಫ್‌ಎಂ ಗುರಿ ಜನಸಂಖ್ಯೆಯ 80 ಶೇಕಡಾ ಅಂತ ಆಯಿತಲ್ಲ, ಕರ್ನಾಟಕದಲ್ಲಿ ಆ ಉಳಿದ ಪಾಲಿನಲ್ಲಿ ಯಾವ ಯಾವ ತಾಲೂಕು ಬರುತ್ತವೆ, ಅಲ್ಲಿ ಮೀಡಿಯಂ ವೇವ್ ಯಾವ ದಿನ ನಿಲ್ಲುತ್ತದೆ, ಬದಲಿಗೆ ಏನು ಬರುತ್ತದೆ ಅಂತ ಊರಿನ ಹೆಸರು ಸಮೇತ ಪಟ್ಟಿ ಕೇಳಬೇಕು. ಸಂಸದರು ಕೇಳಬಹುದು, ಗ್ರಾಮ ಪಂಚಾಯಿತಿಗಳು ಠರಾವು ಮಾಡಿ ಕೇಳಬಹುದು, ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಯಾರು ಬೇಕಾದರೂ ಕೇಳಬಹುದು.